ಕೋರಸ್ ಪೆಡಲ್: ಒಂದನ್ನು ಮಾರಿದೆ, ಒಂದನ್ನು ಇಟ್ಟುಕೊಂಡೆ, ಬೇಸ್‌ಗೆ ಇನ್ನೊಂದು ತಂದೆ

ಗಿಟಾರಿನ ಧ್ವನಿ ಬದಲಾಯಿಸಲು ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆಗೆ ಪೆಡಲ್ ಅನ್ನುತ್ತಾರೆ, ಕೋರಸ್ ಅದರಲ್ಲೊಂದು ಬಗೆ. ನನ್ನ ಮೊದಲ ಕೋರಸ್ ಪೆಡಲ್ ನನ್ನ ಹತ್ತಿರ ಇದ್ದದ್ದು ನಾಲ್ಕೇ ತಿಂಗಳು. ಕೊಂಡ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಎರಡು ಗಂಟೆ ಬಿಡದೆ ನುಡಿಸಿದ್ದೆ. ಒಂದು ಡಿ ಕಾರ್ಡ್ ಹಿಡಿದು ಮೀಟಿದರೆ ಸಾಕು, ಧ್ವನಿ ನೀರಿನ ಮೇಲೆ ತೇಲಿಕೊಂಡು ಬಂದ ಹಾಗೆ ಇರುತ್ತಿತ್ತು. ವಾರ ಕಳೆದ ಮೇಲೆ ಬ್ಯಾಂಡ್ ಪ್ರಾಕ್ಟೀಸಿಗೆ ತೆಗೆದುಕೊಂಡು ಹೋದೆ. ಎರಡನೇ ಹಾಡು ಮುಗಿಯುವಷ್ಟರಲ್ಲಿ ಡ್ರಮ್ಮರ್ ಕೋಲು ಕೆಳಗಿಟ್ಟ. "ಏನೋ ಅದು, ಹಳೇ ಕ್ಯಾಸೆಟ್ ಎಳೀತಿರೋ ಹಾಗಿದೆ?" ಅಂದ. ಹಾಡುವವಳು ಅಷ್ಟು ಒರಟಾಗಿ ಹೇಳಲಿಲ್ಲ. "ಶ್ರುತಿ ಎಲ್ಲಿ ಹಿಡ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೋ" ಅಂದಳು.

ಪೆಡಲ್ ಕೆಟ್ಟದ್ದಾಗಿರಲಿಲ್ಲ. ಒಬ್ಬನೇ ಕೂತು ಕೇಳುವಾಗ ಖುಷಿ ಕೊಟ್ಟ ಸೆಟ್ಟಿಂಗನ್ನೇ ನಾಲ್ಕು ಜನರ ನಡುವೆ ತಂದಿಟ್ಟಿದ್ದೆ, ಅದೇ ತಪ್ಪು. ಡೆಪ್ತ್ ಮುಕ್ಕಾಲು ಪಾಲು, ರೇಟ್ ಅರ್ಧಕ್ಕಿಂತ ಜಾಸ್ತಿ (ಇವು ಏನು ಅಂತ ಮುಂದೆ ಹೇಳುತ್ತೇನೆ). ಸಾಲದ್ದಕ್ಕೆ ಆ ಪೆಡಲ್ ಮೇಲೆ ಐದು ನಾಬ್, ಮೂರು ಸ್ವಿಚ್. ಯಾವುದು ತಿರುಗಿಸಿದರೆ ಏನಾಗುತ್ತೆ ಅಂತ ತಿಳಿಯದೆ ಸುಮ್ನೆ ತಿರುಗಿಸುತ್ತಾ ಹೋದೆ, ಬೇಜಾರಾಯಿತು, ಮಾರಿದೆ. ಒಳಗೆ ಏನು ನಡೆಯುತ್ತೆ ಅಂತ ಅರ್ಥವಾದದ್ದು ಮಾರಿದ ಮೇಲೆ.

ಕೋರಸ್ ಮಾಡುವ ಕೆಲಸ ಹೀಗೆ. ನಾವು ನುಡಿಸಿದ್ದರ ಒಂದು ನಕಲು ತೆಗೆದುಕೊಂಡು, ಅದನ್ನು ಸ್ವಲ್ಪ ತಡ ಮಾಡಿ, ಮೂಲದ ಜೊತೆ ಬೆರೆಸುತ್ತದೆ. ತಡ ಸಾಮಾನ್ಯವಾಗಿ 5ರಿಂದ 30 ಮಿಲಿಸೆಕೆಂಡಿನ ಒಳಗೆ. ಇಷ್ಟೇ ಆಗಿದ್ದರೆ ಧ್ವನಿ ಡಬ್ಬದೊಳಗಿಂದ ಬಂದ ಹಾಗಿರುತ್ತಿತ್ತು. ಆದರೆ ಆ ತಡ ನಿಂತಲ್ಲಿ ನಿಲ್ಲುವುದಿಲ್ಲ, ನಿಧಾನಕ್ಕೆ ಹೆಚ್ಚುತ್ತಾ ಕಡಿಮೆಯಾಗುತ್ತಾ ಇರುತ್ತದೆ. ಕಡಿಮೆಯಾಗುವಾಗ ನಕಲಿನ ಶ್ರುತಿ ಒಂಚೂರು ಏರುತ್ತದೆ, ಹೆಚ್ಚುವಾಗ ಇಳಿಯುತ್ತದೆ. ಹಾರ್ನ್ ಹೊಡೆಯುತ್ತಾ ಬಂದ ಲಾರಿ ನಮ್ಮನ್ನು ದಾಟುವಾಗ ಹಾರ್ನಿನ ಸ್ವರ ಇಳಿಯುತ್ತಲ್ಲ, ಅದೇ ಕಥೆ. ಹತ್ತು ಜನ ಒಂದೇ ಸ್ವರ ಹಾಡಿದರೂ ಒಬ್ಬೊಬ್ಬರದು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ. ಅದಕ್ಕೇ ಅದು ಒಬ್ಬರು ಹಾಡಿದ್ದಕ್ಕಿಂತ ದಪ್ಪಗೆ ಕೇಳುತ್ತದೆ. ಕೋರಸ್ ಅಂದರೆ ಗುಂಪಿನ ಹಾಡು, ಪೆಡಲ್‌ಗೆ ಹೆಸರು ಬಂದದ್ದೂ ಅಲ್ಲಿಂದಲೇ.

ರೇಟ್ ಅಂದರೆ ಈ ಓಲಾಟ ಎಷ್ಟು ಬೇಗ ಅಂತ. ಡೆಪ್ತ್ ಅಂದರೆ ಎಷ್ಟು ದೂರ ಹೋಗಿ ಬರುತ್ತೆ ಅಂತ. ಇವೆರಡಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೆ ನಾನು. ಆದರೆ ಶ್ರುತಿ ಎಷ್ಟು ಅಲುಗುತ್ತೆ ಅನ್ನೋದು ಎರಡರ ಗುಣಾಕಾರ. ತಡ ನಡುವಿನಿಂದ ಆಚೆಗೆ 2, ಈಚೆಗೆ 2 ಮಿಲಿಸೆಕೆಂಡ್ ಓಲಾಡುತ್ತಿದೆ ಅನ್ನಿ. ಎರಡು ಸೆಕೆಂಡಿಗೆ ಒಂದು ಸುತ್ತಾದರೆ ಶ್ರುತಿ ಹೆಚ್ಚೆಂದರೆ ಸುಮಾರು 11 ಸೆಂಟ್ ಅಲುಗುತ್ತದೆ. ಸೆಂಟ್ ಅನ್ನೋದು ಶ್ರುತಿಯ ಅಳತೆ. ಗಿಟಾರಿನ ಒಂದು ಫ್ರೆಟ್ (ಕತ್ತಿನ ಮೇಲಿನ ಒಂದು ಮನೆ) ಅಂದರೆ 100 ಸೆಂಟ್, ಹಾಗಾಗಿ 11 ಅನ್ನೋದು ಹಿತವಾದ ಅಲುಗಾಟ. ಸೆಕೆಂಡಿಗೆ ಒಂದು ಸುತ್ತಾದರೆ 22. ಡೆಪ್ತ್ ಮುಟ್ಟದೆ ರೇಟನ್ನು ಮಾತ್ರ ಸೆಕೆಂಡಿಗೆ ಮೂರು ಸುತ್ತಿಗೆ ಏರಿಸಿದರೆ? 64 ಸೆಂಟ್. ಅರ್ಧ ಫ್ರೆಟ್‌ಗಿಂತ ಜಾಸ್ತಿ! ಪಾಪ, ಹಾಡುವವಳಿಗೆ ಶ್ರುತಿ ಸಿಗದೇ ಇದ್ದದ್ದರಲ್ಲಿ ಆಶ್ಚರ್ಯ ಏನಿದೆ.

ಈ ಲೆಕ್ಕ ತಲೆಗೆ ಹೋದ ಮೇಲೆ ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸುವುದು ಕೈಗೆ ಅಭ್ಯಾಸವಾಯಿತು. ನಿಧಾನದ ರೇಟ್‌ಗೆ ಡೆಪ್ತ್ ಧಾರಾಳವಾಗಿ ಕೊಡಬಹುದು. ಬೇಗದ ರೇಟ್‌ಗೆ ಚಿಟಿಕೆಯಷ್ಟು ಸಾಕು.

ಎರಡನೇ ಪೆಡಲ್ ಹುಡುಕುವಾಗ ನಾಬ್ ಕಡಿಮೆ ಇರಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಕೋರಸ್ ಪೆಡಲ್‌ಗಳ ವಂಶ ನೋಡಿದರೆ ಹಳೆಯವು ಸರಳವೇ. 1975ರಲ್ಲಿ ರೋಲ್ಯಾಂಡ್ ಕಂಪನಿ ಜಾಝ್ ಕೋರಸ್ ಜೆಸಿ-120 ಅನ್ನುವ ಆಂಪ್ (ಗಿಟಾರಿನ ಧ್ವನಿ ಜೋರು ಮಾಡುವ ಆಂಪ್ಲಿಫೈಯರ್) ತಂದಿತು. ಒಳಗೆ 60 ವಾಟ್‌ನ ಎರಡು ಆಂಪ್, 12 ಇಂಚಿನ ಎರಡು ಸ್ಪೀಕರ್. ಒಂದರಿಂದ ಬರೀ ಮೂಲ ಧ್ವನಿ, ಇನ್ನೊಂದರಿಂದ ಅಲುಗಾಡುವ ನಕಲು. ಎರಡೂ ಬೆರೆಯುವುದು ಕೋಣೆಯ ಗಾಳಿಯಲ್ಲಿ. ಅದರ ಮುಂದೆ ನಿಂತು ಕೇಳಿದವರಿಗೆ ಅದರ ಅಗಲ ಎಂಥದ್ದು ಅಂತ ಗೊತ್ತು. ಆ ಸರ್ಕ್ಯೂಟನ್ನೇ ಹೊರಗೆ ತೆಗೆದು ಪೆಟ್ಟಿಗೆಗೆ ಹಾಕಿದ್ದು 1976ರ, ಬಾಸ್ ಕಂಪನಿಯ ಸಿಇ-1. ಅದು ದೊಡ್ಡದು, ನೇರ ಗೋಡೆಯ ಕರೆಂಟಿಗೆ ಸಿಕ್ಕಿಸಬೇಕು. 1979ರ ಸಿಇ-2 ಕಾಲಡಿಗೆ ಹಿಡಿಸುವಷ್ಟು ಚಿಕ್ಕದಾಯಿತು, ರೇಟ್ ಮತ್ತು ಡೆಪ್ತ್ ಎರಡೇ ನಾಬ್. ಎಲೆಕ್ಟ್ರೋ-ಹಾರ್ಮೋನಿಕ್ಸಿನ ಸ್ಮಾಲ್ ಕ್ಲೋನ್ ಇನ್ನೂ ಒಂದು ಹೆಜ್ಜೆ ಮುಂದೆ. ರೇಟ್‌ಗೆ ಒಂದು ನಾಬ್, ಡೆಪ್ತ್‌ಗೆ ಮೇಲೆ-ಕೆಳಗೆ ಅನ್ನುವ ಒಂದು ಸ್ವಿಚ್, ಮುಗಿಯಿತು. ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಬಳಸುತ್ತಿದ್ದದ್ದು ಅದನ್ನೇ. ಅಂದ ಹಾಗೆ, ದಿ ಪೊಲೀಸ್ ಅನ್ನುವ ರಾಕ್ ಬ್ಯಾಂಡಿನ ಗಿಟಾರ್ ವಾದಕ ಆಂಡಿ ಸಮ್ಮರ್ಸ್ ಧ್ವನಿ ಬೇಕು ಅಂತ ಕೋರಸ್ ಹುಡುಕುವವರು ಬಹಳ. ಆ ಹಳೆಯ ಹೊಳೆಯುವ ಧ್ವನಿಗೆ ಅವರು ನೆಚ್ಚಿಕೊಂಡಿದ್ದದ್ದು ಎಲೆಕ್ಟ್ರಿಕ್ ಮಿಸ್ಟ್ರೆಸ್ ಅನ್ನುವ ಪೆಡಲ್. ಅದು ಕೋರಸ್ ಅಲ್ಲ, ಫ್ಲ್ಯಾಂಜರ್! ಫ್ಲ್ಯಾಂಜರಿನಲ್ಲಿ ತಡ ಇನ್ನೂ ಕಡಿಮೆ, ಜೊತೆಗೆ ಹೊರಬಂದ ಧ್ವನಿಯನ್ನೇ ಮತ್ತೆ ಒಳಗೆ ತಿರುಗಿಸಿ ಬಿಡುತ್ತದೆ.

ನಾನು ಇಟ್ಟುಕೊಂಡದ್ದು ಸಿಇ-2 ಮಾದರಿಯ ಸರ್ಕ್ಯೂಟ್ ಇರುವ ಒಂದು ಅನಲಾಗ್ ಪೆಡಲ್. ಇಂಥವುಗಳಲ್ಲಿ ತಡ ಮಾಡುವ ಚಿಪ್‌ಗೆ ಬಕೆಟ್ ಬ್ರಿಗೇಡ್ ಅಂತ ಹೆಸರು. ಬೆಂಕಿ ಆರಿಸಲು ಸಾಲಾಗಿ ನಿಂತವರು ಬಕೆಟನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ, ಸಿಗ್ನಲನ್ನು ಒಂದು ಕೆಪಾಸಿಟರಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತದೆ. ಸಿಇ-2ರಲ್ಲಿದ್ದ ಎಂಎನ್3007 ಚಿಪ್‌ನಲ್ಲಿ ಹೀಗೆ 1024 ಮನೆಗಳು. ಈ ದಾಟಿಸುವಿಕೆಗೆ ತಾಳ ಹಾಕುವ ಕ್ಲಾಕ್ ಸೆಕೆಂಡಿಗೆ 50 ಸಾವಿರ ಸಲ ಬಡಿದರೆ ತಡ ಸುಮಾರು 10 ಮಿಲಿಸೆಕೆಂಡ್. ಕ್ಲಾಕಿನ ಸದ್ದು ಕೇಳಿಸದ ಹಾಗೆ ಹಿಂದೆ ಮುಂದೆ ಫಿಲ್ಟರ್ ಇಟ್ಟಿರುತ್ತಾರೆ, ಅವು ನಕಲಿನ ಚೂಪನ್ನು ಸ್ವಲ್ಪ ತಿಂದುಹಾಕುತ್ತವೆ. ಅನಲಾಗ್ ಕೋರಸ್ ಮೆತ್ತಗೆ, ಬೆಚ್ಚಗೆ ಇದೆ ಅನ್ನುತ್ತಾರಲ್ಲ, ಅದರ ಬಹುಪಾಲು ಇಷ್ಟೇ. ಡಿಜಿಟಲ್‌ನಲ್ಲಿ ನಕಲು ಮೂಲದಷ್ಟೇ ಸ್ವಚ್ಛ. ಬೆರಳಿನಿಂದ ಒಂದೊಂದೇ ತಂತಿ ಬಿಡಿಸಿ ನುಡಿಸುವಾಗ ಅದೇ ಚೆಂದ ಅನ್ನುವವರ ಮಾತಲ್ಲೂ ಹುರುಳಿದೆ. ನನಗೆ ಮಂಕಾದದ್ದೇ ಇಷ್ಟ.

ಇನ್ನು ಸ್ಟೀರಿಯೊ ವಿಷಯ. ಮಾರಿದೆ ಅಂದೆನಲ್ಲ, ಆ ಪೆಡಲ್‌ಗೆ ಎರಡು ಔಟ್‌ಪುಟ್ ಇತ್ತು. ಎರಡು ಆಂಪ್‌ಗೆ ಹಾಕಿದರೆ ಧ್ವನಿ ಗೋಡೆಯಿಂದ ಗೋಡೆಗೆ ಹರಡುತ್ತಿತ್ತು. ಒಂದು ಕಾರ್ಯಕ್ರಮದಲ್ಲಿ ಎರಡನ್ನೂ ನೇರ ಮಿಕ್ಸರ್‌ಗೆ ಕೊಟ್ಟೆ. ಅಲ್ಲಿನ ಸೌಂಡ್ ಸಿಸ್ಟಮ್ ಮೋನೊ, ಅಂದರೆ ಎಲ್ಲ ಧ್ವನಿಯೂ ಒಂದೇ ಚಾನೆಲ್‌ನಲ್ಲಿ. ಪೆಡಲ್ ಒತ್ತುತ್ತೇನೆ, ಲೈಟ್ ಹತ್ತುತ್ತೆ, ಸ್ಪೀಕರ್‌ನಲ್ಲಿ ಕೋರಸ್ಸೇ ಇಲ್ಲ! ಕೇಬಲ್ ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ, ಉಹೂಂ. ಆಮೇಲೆ ಕಾರಣ ತಿಳಿಯಿತು. ಕೆಲವು ಪೆಡಲ್‌ಗಳು ಅಗಲ ತರಲು ಒಂದು ಬದಿಗೆ ಮೂಲದ ಜೊತೆ ನಕಲನ್ನು ಕೂಡಿಸಿ ಕಳಿಸುತ್ತವೆ, ಇನ್ನೊಂದು ಬದಿಗೆ ಅದೇ ನಕಲನ್ನು ತಲೆಕೆಳಗು ಮಾಡಿ ಕಳಿಸುತ್ತವೆ. ಎರಡನ್ನೂ ಒಂದೇ ಚಾನೆಲ್‌ಗೆ ಸೇರಿಸಿದರೆ ನಕಲುಗಳು ಒಂದನ್ನೊಂದು ಹೊಡೆದು ಹಾಕಿ, ಬರೀ ಮೂಲ ಉಳಿಯುತ್ತದೆ. ಒಂದೇ ಕೇಬಲ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ನೀವು ಯಾವಾಗಲೂ ಒಂದೇ ಆಂಪ್ ಬಳಸುವವರಾದರೆ ಸ್ಟೀರಿಯೊಗಾಗಿ ಜಾಸ್ತಿ ಕೊಡುವ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಸೆಟ್ ಮಾಡಲು ನಾನು ಲೂಪರ್ (ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ನುಡಿಸುವ ಪೆಡಲ್) ಬಳಸುತ್ತೇನೆ. ಲೂಪರನ್ನು ಕೋರಸ್‌ಗಿಂತ ಮುಂಚೆ ಇಟ್ಟು, ಹಾಡಿನ ನಾಲ್ಕು ಬಾರ್ ರೆಕಾರ್ಡ್ ಮಾಡಿ ಓಡಲು ಬಿಡುತ್ತೇನೆ. ಎರಡೂ ಕೈ ಖಾಲಿ. ಮೊದಲು ಡೆಪ್ತ್ ಪೂರ್ತಿ ಏರಿಸುತ್ತೇನೆ, ಕೇಳಲು ಅಸಹ್ಯವಾಗಿದ್ದರೂ ಓಲಾಟ ಸ್ಪಷ್ಟವಾಗಿ ಸಿಗುತ್ತದೆ. ಆ ಓಲಾಟ ಹಾಡಿನ ಓಟಕ್ಕೆ ಹೊಂದುವ ಹಾಗೆ ರೇಟ್ ಕೂರಿಸುತ್ತೇನೆ. ಆಮೇಲೆ ಡೆಪ್ತ್ ಇಳಿಸುತ್ತಾ ಬರುತ್ತೇನೆ. ಪೆಡಲ್ ಆನ್ ಇದೆಯೋ ಇಲ್ಲವೋ ಅಂತ ಅನುಮಾನ ಬರುವ ಜಾಗ ಒಂದಿದೆ, ಅಲ್ಲಿಂದ ಒಂದೆಳೆ ಮೇಲಕ್ಕೆ ನಿಲ್ಲಿಸುತ್ತೇನೆ. ಈಗ ಆಫ್ ಮಾಡಿ ನೋಡಬೇಕು. ಧ್ವನಿ ಥಟ್ಟನೆ ಬಡಕಲಾಯಿತು ಅನ್ನಿಸಿದರೆ ಸರಿಯಾಗಿದೆ. ಆನ್ ಮಾಡಿದಾಗ "ಆಹಾ, ಕೋರಸ್!" ಅನ್ನಿಸಿದರೆ ಇನ್ನೂ ಜಾಸ್ತಿ ಇದೆ ಅಂತ ಅರ್ಥ. ಮಿಕ್ಸ್ ಅಥವಾ ಲೆವೆಲ್ ನಾಬ್ ಇದ್ದರೆ ಅರ್ಧಕ್ಕಿಂತ ಕೆಳಗೇ ಶುರು ಮಾಡಿ. ನಕಲನ್ನು ಮಾತ್ರ ಬಿಡುವಷ್ಟು ತಿರುಗಿಸಿದರೆ ಅದು ಕೋರಸ್ ಆಗಿ ಉಳಿಯಲ್ಲ, ವೈಬ್ರಾಟೊ ಆಗುತ್ತೆ. ಇದೆಲ್ಲಕ್ಕೂ ಮೊದಲು ಟ್ಯೂನ್ ಮಾಡಿಕೊಂಡಿರಬೇಕು ಅಂತ ಬೇರೆ ಹೇಳಬೇಕಾ? ಮೊದಲೇ ಅಪಶ್ರುತಿ ಇದ್ದರೆ ಕೋರಸ್ ಅದನ್ನು ಮುಚ್ಚುವುದಿಲ್ಲ, ಇನ್ನೂ ಎತ್ತಿ ತೋರಿಸುತ್ತದೆ.

ಪೆಡಲ್‌ಗಳ ಸಾಲಿನಲ್ಲಿ ಕೋರಸ್ ನನ್ನ ಓವರ್‌ಡ್ರೈವ್ (ಧ್ವನಿಯನ್ನು ಒರಟು ಮಾಡುವ ಪೆಡಲ್) ಆದ ಮೇಲೆ, ಡಿಲೇ (ಪ್ರತಿಧ್ವನಿ ಕೊಡುವ ಪೆಡಲ್)ಗಿಂತ ಮುಂಚೆ. ಓವರ್‌ಡ್ರೈವ್‌ಗಿಂತ ಮುಂಚೆ ಇಟ್ಟೂ ನೋಡಿದ್ದೇನೆ. ಆಗ ಆ ಓಲಾಟವೇ ಡಿಸ್ಟಾರ್ಶನ್ನಿನೊಳಗೆ ಹೋಗಿ ಧ್ವನಿ ಗೊರಗೊರ ಅನ್ನುತ್ತದೆ. ಒಂದು ಹಾಡಿಗೆ ಅದೇ ಬೇಕಿತ್ತು, ಅದಕ್ಕೆ ಮಾತ್ರ ಬದಲಾಯಿಸಿಕೊಳ್ಳುತ್ತೇನೆ.

ಪವರ್ ವಿಷಯ ಬೇಗ ಹೇಳಿಬಿಡುತ್ತೇನೆ. ಹೆಚ್ಚಿನವು 9 ವೋಲ್ಟ್, ಪ್ಲಗ್‌ನ ನಡುವೆ ನೆಗೆಟಿವ್. ಒಂದೇ ಅಡಾಪ್ಟರಿನಿಂದ ಎಲ್ಲಾ ಪೆಡಲ್‌ಗೂ ಹಂಚಿದಾಗ ನನ್ನ ಡಿಜಿಟಲ್ ಡಿಲೇ ಮತ್ತು ಅನಲಾಗ್ ಕೋರಸ್ ಸೇರಿ ಕುಂಯ್ ಅಂತ ಸಣ್ಣಗೆ ಕೂಗುತ್ತಿದ್ದವು. ಪ್ರತಿ ಪೆಡಲ್‌ಗೂ ಪ್ರತ್ಯೇಕ ಸಪ್ಲೈ ಕೊಟ್ಟ ದಿನವೇ ಕೂಗು ನಿಂತಿತು.

ಬೇಸ್ ಗಿಟಾರಿನ ಕಥೆಯೇ ಬೇರೆ. ನಮ್ಮ ಬೇಸ್ ನುಡಿಸುವವನು ಬಿಟ್ಟು ಹೋದ ಮೇಲೆ ಒಂದು ವರ್ಷ ಬೇಸ್ ನನ್ನ ಕೈಗೆ ಬಂತು. ಅದೇ ಗಿಟಾರ್ ಕೋರಸ್ ಸಿಕ್ಕಿಸಿದೆ. ಮೇಲಿನ ಜಿ ತಂತಿಯಲ್ಲಿ ಸ್ವರ್ಗ! ಕೆಳಗಿನ ಇ ತಂತಿಗೆ ಬಂದರೆ ಸ್ವರ ಒಮ್ಮೆ ಇರುತ್ತೆ, ಒಮ್ಮೆ ಕಾಲಡಿಯ ನೆಲವೇ ಜಾರಿದ ಹಾಗೆ ಮಾಯ. ಕಿವಿಯ ಭ್ರಮೆ ಅಲ್ಲ ಅದು. ಖಾಲಿ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ ಒಂದು ಅಲೆಗೆ ಸುಮಾರು 24 ಮಿಲಿಸೆಕೆಂಡ್. ನಕಲು ಅದರ ಅರ್ಧ, 12 ಮಿಲಿಸೆಕೆಂಡ್ ತಡವಾಗಿ ಬಂದರೆ ಮೂಲ ಮೇಲೆ ಹೋಗುವಾಗ ನಕಲು ಕೆಳಗೆ ಹೋಗುತ್ತದೆ. ಸ್ವರದ ಬುಡ ಅಲ್ಲೇ ಕತ್ತರಿಸಿ ಹೋಗುತ್ತದೆ. ಎ ತಂತಿಗೆ ಆ ಅರ್ಧ ಸುಮಾರು 9 ಮಿಲಿಸೆಕೆಂಡ್. ಕೋರಸ್ ಓಡಾಡುವ ದಾರಿಯಲ್ಲೇ ಇವೆಲ್ಲ ಇವೆ ನೋಡಿ! ಹಾಗಾಗಿ ಓಲಾಟದ ಪ್ರತಿ ಸುತ್ತಿಗೂ ತಳದ ಧ್ವನಿ ಬರುತ್ತಾ ಹೋಗುತ್ತಾ ಇರುತ್ತದೆ. ಗಿಟಾರಿಗೂ ಹೀಗೆ ಅಲೆ ಕತ್ತರಿಸುತ್ತೆ, ಆದರೆ ತಳ ಹಿಡಿಯುವ ಹೊಣೆ ಗಿಟಾರಿನದ್ದಲ್ಲ.

ಇದಕ್ಕೆ ಬೇಸ್ ಪೆಡಲ್‌ಗಳಲ್ಲಿ ಪರಿಹಾರ ಇದೆ. ತಳದ ಧ್ವನಿಗೆ ಕೋರಸ್ ತಾಗದ ಹಾಗೆ ನೋಡಿಕೊಂಡು, ಮೇಲಿನದನ್ನು ಮಾತ್ರ ಅಲುಗಾಡಿಸುತ್ತವೆ. ಎಂಎಕ್ಸ್ಆರ್ ಬೇಸ್ ಕೋರಸ್ ಡಿಲಕ್ಸ್‌ನಲ್ಲಿ ಎಕ್ಸ್-ಓವರ್ ಅನ್ನುವ ಬಟನ್ ಒತ್ತಿದರೆ 100 ಹರ್ಟ್ಝ್‌ಗಿಂತ ಕೆಳಗಿನದನ್ನು ಅದು ಮುಟ್ಟುವುದಿಲ್ಲ. ಬಾಸ್ ಸಿಇಬಿ-3ರಲ್ಲಿ ಲೋ ಫಿಲ್ಟರ್ ಅಂತ ಒಂದು ನಾಬೇ ಇದೆ. ನಾನು ತಂದದ್ದು ಅದನ್ನು. ಬಾಸ್ ಕಂಪನಿಯ ಬೇಸ್ ಪೆಡಲ್, ಓದುವಾಗ ಎಡವಬೇಡಿ. ಮನೆಗೆ ತಂದು ಖಾಲಿ ಇ ತಂತಿ ಮೀಟಿ, ಸ್ವರ ಸಾಯುವವರೆಗೂ ಆ ನಾಬನ್ನು ತಿರುಗಿಸುತ್ತಾ ಕೂತೆ. ಒಂದು ಜಾಗದಲ್ಲಿ ತಳ ಕಂಬದ ಹಾಗೆ ನಿಂತಿತು, ಮೇಲೆ ಮಾತ್ರ ಹೊಳಪು ಹರಿದಾಡುತ್ತಿತ್ತು.

ಆ ಜಾಗಕ್ಕೆ ಬಿಳಿ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಗಿಟಾರ್ ಪೆಡಲ್ ಮೇಲೂ ಎರಡು ಗೆರೆ ಇವೆ: ಗಡಿಯಾರದ ಲೆಕ್ಕದಲ್ಲಿ ರೇಟ್ ಒಂಬತ್ತೂವರೆಗೆ, ಡೆಪ್ತ್ ಹನ್ನೊಂದಕ್ಕೆ. ನಿಧಾನದ ಹಾಡುಗಳ ಪಲ್ಲವಿಗೆ ಆನ್, ಸೋಲೊ ಬಂದಾಗ ಆಫ್. ಹೋದ ತಿಂಗಳು ಪ್ರಾಕ್ಟೀಸ್ ಮುಗಿದ ಮೇಲೆ ಡ್ರಮ್ಮರ್ ಬಗ್ಗಿ ನನ್ನ ಬೋರ್ಡ್ ನೋಡಿ, "ಆ ಕ್ಯಾಸೆಟ್ ಪೆಡಲ್ ತೆಗೆದೇಬಿಟ್ಯಾ?" ಅಂತ ಕೇಳಿದ. ಮೂರು ಹಾಡಿಗೆ ಕೋರಸ್ ಆನ್ ಇತ್ತು.