ಎರಿ ಮಣ್ಣಿನ ಊರಿಗೆ ಕಾರ್ಬನ್ ಹಾರ್ಡ್‌ಟೇಲ್ ಆರಿಸುವುದು ಹೇಗೆ

ಶುರುವಿಗೇ ಒಂದು ಎಚ್ಚರಿಕೆ. ಜಾಹೀರಾತಿನಲ್ಲಿ ‘ಹೈ ಕಾರ್ಬನ್ ಸ್ಟೀಲ್’ ಅಂತ ಬರೆದಿದ್ದರೆ ಅದು ಕಾರ್ಬನ್ ಸೈಕಲ್ ಅಲ್ಲ, ಉಕ್ಕಿನ ಸೈಕಲ್. ಉಕ್ಕಿನಲ್ಲಿ ಒಂಚೂರು ಕಾರ್ಬನ್ ಇದ್ದೇ ಇರುತ್ತದೆ, ಅದನ್ನೇ ದೊಡ್ಡದಾಗಿ ಬರೆದುಕೊಳ್ಳುತ್ತಾರೆ. ಹುಬ್ಬಳ್ಳಿಯ ನನ್ನ ಗೆಳೆಯನೊಬ್ಬ ಹೀಗೇ ಆನ್‌ಲೈನ್‌ನಲ್ಲಿ ಒಂದು ತರಿಸಿಕೊಂಡ. ಮೂರನೇ ಮಹಡಿಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಅವನಿಗೇ ಅನುಮಾನ ಬಂತು. ತೂಕ ಹಾಕಿದರೆ 17 ಕೆಜಿ!

ನಾನು ಹೇಳುತ್ತಿರುವುದು ಕಾರ್ಬನ್ ಫೈಬರ್ ಬಗ್ಗೆ. ಕೂದಲಿಗಿಂತ ತೆಳ್ಳಗಿನ ಎಳೆಗಳ ಹಾಳೆಯನ್ನು ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ, ಎಪಾಕ್ಸಿ ಅಂಟಿನ ಜೊತೆ ಬಿಸಿ ಮತ್ತು ಒತ್ತಡ ಕೊಟ್ಟು ಗಟ್ಟಿ ಮಾಡಿದ ಫ್ರೇಮ್. ಇಂಥ ಫ್ರೇಮಿನ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇದ್ದು ಹಿಂದೆ ಗಟ್ಟಿ ಇರುವ ಎಂಟಿಬಿ (ಮೌಂಟನ್ ಬೈಕ್), ಸಾಮಾನ್ಯವಾಗಿ 9ರಿಂದ 12 ಕೆಜಿ ತೂಗುತ್ತದೆ. ಬೆಲೆ ಲಕ್ಷದ ಮೇಲೆ. ಎಷ್ಟು ಮೇಲೆ ಅಂತ ಕೇಳಬೇಡಿ. ಒಂದು ಸಮಾಧಾನ ಅಂದರೆ 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಾಗಾಗಿ ಹಳೆಯ ಬೆಲೆ ಪಟ್ಟಿ ತೋರಿಸಿ ಹಳೆಯ ರೇಟು ಹೇಳಿದರೆ ಸುಮ್ನೆ ಒಪ್ಪಬೇಡಿ.

ಈಗ ರೇಸಿನವರೆಲ್ಲ ಫುಲ್ ಸಸ್ಪೆನ್ಷನ್‌ಗೆ ಹೋಗಿದ್ದಾರೆ, ಹಾರ್ಡ್‌ಟೇಲ್ ಯಾಕೆ ಅಂತ ಕೇಳುವವರು ಇದ್ದಾರೆ. ನಿಜ, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸ್ವಿಸ್ ರೇಸರ್ ನೀನೋ ಶೂರ್ಟರ್ ಚಿನ್ನ ಗೆದ್ದಿದ್ದು ಹಿಂದೆಯೂ ಸಸ್ಪೆನ್ಷನ್ ಇದ್ದ ಸ್ಕಾಟ್ ಸ್ಪಾರ್ಕ್ ಮೇಲೆ. ಆದರೆ ಅವರ ದಾರಿ ಬಂಡೆ, ಬೇರು, ಜಿಗಿತ. ಜೊತೆಗೆ ಸೈಕಲ್ ತೊಳೆಯುವುದಕ್ಕೇ ಒಬ್ಬ ಮೆಕ್ಯಾನಿಕ್ ಇರುತ್ತಾನೆ. ನಮ್ಮ ದಾರಿ ಹೊಲದ ಬಂಡಿ ಹಾದಿ. ಫುಲ್ ಸಸ್ಪೆನ್ಷನ್ ಸೈಕಲ್ಲಿನ ಹಿಂದಿನ ಪ್ರತಿ ಕೀಲಿನಲ್ಲೂ ಬೇರಿಂಗ್ ಇರುತ್ತದೆ, ನಮ್ಮ ಧೂಳು ಕೆಸರು ಒಳಗೆ ಹೊಕ್ಕರೆ ಅವು ಕಿರಗುಟ್ಟಲು ಶುರು, ಆಮೇಲೆ ಬದಲಾಯಿಸಲು ಬೇಕಾದ ಟೂಲ್ ಇರುವವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ಪರಿಸ್ಥಿತಿ. ಹಾರ್ಡ್‌ಟೇಲಿನಲ್ಲಿ ಆ ತಲೆನೋವೇ ಇಲ್ಲ.

ಇನ್ನು ಮಣ್ಣಿನ ಮಾತು. ಇದನ್ನು ಯಾವ ಬ್ರೋಷರ್‌ನಲ್ಲೂ ಬರೆದಿರುವುದಿಲ್ಲ. ಧಾರವಾಡದಿಂದ ಪಶ್ಚಿಮಕ್ಕೆ, ಕೆಲಗೇರಿ ದಾಟಿ ಹಳಿಯಾಳ, ಅಳ್ನಾವರ ಕಡೆ ಹೋದರೆ ಕೆಂಪು ಮಸಾರಿ. ಮಳೆ ನಿಂತ ಅರ್ಧ ದಿನಕ್ಕೆ ಓಡಿಸಬಹುದು. ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿ, ಗದಗ ಕಡೆ ಎರಿ, ಅಂದರೆ ಜಿಗುಟು ಕಪ್ಪು ಮಣ್ಣು. ಒಣಗಿದ್ದಾಗ ಸಿಮೆಂಟ್ ಇದ್ದಂತೆ, ಹಸಿ ಆದರೆ ಮುಗೀತು. ನನ್ನ ಮೊದಲ ಕಾರ್ಬನ್ ಸೈಕಲ್ಲಿಗೆ ನಾನು 2.4 ಇಂಚಿನ ದಪ್ಪ ಟೈರ್ ಹಾಕಿಸಿದ್ದೆ. ಅಂಗಡಿಯವರು ಕೂಡುತ್ತದೆ ಅಂದರು, ಕೂಡಿತು ಕೂಡ. ಜೂನ್ ತಿಂಗಳಲ್ಲಿ ಒಂದು ಸಂಜೆ ಅಣ್ಣಿಗೇರಿ ಆಚೆ ಹೊಲದ ಹಾದಿಯಲ್ಲಿ ಮಳೆ ಸಿಕ್ಕಿತು. ನೂರು ಮೀಟರ್ ಹೋಗಿರಲಿಕ್ಕಿಲ್ಲ, ಟೈರಿಗೂ ಫ್ರೇಮಿಗೂ ನಡುವೆ ಎರಿ ತುಂಬಿ ಚಕ್ರ ನಿಂತೇ ಹೋಯಿತು. ನಾನು ಬುದ್ಧಿ ಇಲ್ಲದೆ ಜೋರಾಗಿ ತುಳಿದೆ. ಬದಿಯ ಹೊಲದ ಅಜ್ಜ ನಿಂತು ನೋಡಿ ಹೇಳಿದ್ದು ಇಷ್ಟೇ: ‘ಎರಿ ಹಸಿ ಇದ್ದಾಗ ನಾವು ಎತ್ತನ್ನೂ ಇಳಸಂಗಿಲ್ರೀ ತಮ್ಮಾ, ನೀ ಸೈಕಲ್ ತಂದೀಯಲ್ಲೋ.’

ಸೈಕಲ್ ಹೆಗಲ ಮೇಲೆ ಹೊತ್ತು ಡಾಂಬರಿಗೆ ಬಂದೆ. ಒಂದು ಕೆಜಿ ಕಡಿಮೆ ಆಗಲಿ ಅಂತ ಅಷ್ಟು ದುಡ್ಡು ಕೊಟ್ಟಿದ್ದೆ, ಎರಿ ಪುಕ್ಕಟೆಯಾಗಿ ಅದಕ್ಕಿಂತ ಜಾಸ್ತಿ ವಾಪಸ್ ಕೊಟ್ಟಿತ್ತು. ಅದು ಹೋಗಲಿ, ಮನೆಯಲ್ಲಿ ತೊಳೆದು ನೋಡಿದರೆ ಚೈನ್‌ಸ್ಟೇ, ಅಂದರೆ ಹಿಂದಿನ ಚಕ್ರದ ಅಕ್ಕಪಕ್ಕ ಚಾಚಿದ ಫ್ರೇಮಿನ ಕೊಳವೆ, ಅದರ ಒಳಬದಿಯಲ್ಲಿ ಬಣ್ಣ ಕಿತ್ತು ಕಪ್ಪು ಎಳೆ ಕಾಣುತ್ತಿತ್ತು. ಮಣ್ಣಿನ ಹರಳು ಟೈರಿಗೆ ಅಂಟಿ ಉಪ್ಪುಕಾಗದದ ಹಾಗೆ ಕಾರ್ಬನ್ನನ್ನು ಉಜ್ಜುತ್ತದೆ. ಅಲ್ಯುಮಿನಿಯಂ ಆದರೆ ಗೀರು ಬಿತ್ತು ಅಂತ ಬಿಡಬಹುದಿತ್ತು. ಕಾರ್ಬನ್‌ನಲ್ಲಿ ಪದರ ಸವೆದರೆ ಬಲವೇ ಹೋದ ಹಾಗೆ.

ಅದಕ್ಕೇ ನನ್ನ ಪ್ರಕಾರ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಸೈಕಲ್ ಎತ್ತಿ ನೋಡುವುದಲ್ಲ. ಹಿಂದೆ ಕುಕ್ಕರಗಾಲಲ್ಲಿ ಕೂತು ಟೈರಿಗೂ ಚೈನ್‌ಸ್ಟೇಗೂ ನಡುವೆ ಕಿರುಬೆರಳು ತೂರಿಸಿ. ಎರಡೂ ಬದಿ ಸಲೀಸಾಗಿ ಹೋಗಬೇಕು, ಸೀಟಿನ ಕೊಳವೆ ಹತ್ತಿರ ಮತ್ತು ಮುಂದೆ ಚಕ್ರ ಹಿಡಿಯುವ ಫೋರ್ಕಿನ ಕಮಾನಿನ ಕೆಳಗೂ ಹೋಗಬೇಕು. ಫ್ರೇಮಿಗೆ 2.4ರವರೆಗೆ ಹಿಡಿಯುತ್ತದೆ ಅಂತ ಬರೆದಿದ್ದರೆ ನೀವು 2.2 ಅಥವಾ 2.25 ಹಾಕಿ, ಉಳಿದ ಜಾಗ ಎರಿಗೆ ಬಿಡಿ. ಹೊಸ ಸೈಕಲ್ ಮನೆಗೆ ಬಂದ ದಿನವೇ ಚೈನ್‌ಸ್ಟೇ ಒಳಬದಿಗೆ, ಕೆಳಗಿನ ಕೊಳವೆಗೆ ಪಾರದರ್ಶಕ ಪ್ರೊಟೆಕ್ಷನ್ ಫಿಲ್ಮ್ ಅಂಟಿಸಿ. ಕಾರಿಗೆ ಹಾಕುತ್ತಾರಲ್ಲ, ಅದೇ ನಡೆಯುತ್ತದೆ.

ಈಗ ತೂಕ. ಎಲ್ಲರೂ ಫ್ರೇಮಿನ ಗ್ರಾಂ ಎಣಿಸುತ್ತಾರೆ. ಸ್ಪೆಷಲೈಸ್ಡ್ ಕಂಪನಿ ತನ್ನ ಎಸ್-ವರ್ಕ್ಸ್ ಎಪಿಕ್ ಹಾರ್ಡ್‌ಟೇಲ್ ಫ್ರೇಮ್ 790 ಗ್ರಾಂ ಅಂತ ಹೇಳಿಕೊಂಡಿತ್ತು, ಸಾಧಾರಣ ಕಾರ್ಬನ್ ಫ್ರೇಮ್ ಒಂದು ಕೆಜಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಈ ಮುನ್ನೂರು ನಾನೂರು ಗ್ರಾಂಗೆ ಕೊಡುವ ದುಡ್ಡು ನಮ್ಮಂಥವರಿಗೆ ದಂಡ ಅಂತಲೇ ನನ್ನ ಅಭಿಪ್ರಾಯ. ಅದರ ಬದಲು ಫೋರ್ಕ್ ನೋಡಿ. ಅಗ್ಗದ ಸ್ಪ್ರಿಂಗ್ ಫೋರ್ಕ್ ಎರಡೂವರೆ ಕೆಜಿ ಆಸುಪಾಸು, ರಾಕ್‌ಶಾಕ್ಸ್ ಸಿಡ್ ಎಸ್‌ಎಲ್ ಅಥವಾ ಫಾಕ್ಸ್ 32 ಸ್ಟೆಪ್-ಕಾಸ್ಟ್ ತರಹದ ಗಾಳಿ ಫೋರ್ಕ್ ಒಂದೂವರೆ ಕೆಜಿಗಿಂತ ಕಡಿಮೆ. ಒಂದೇ ಭಾಗದಲ್ಲಿ ಒಂದು ಕೆಜಿ! ಕಾರ್ಬನ್ ಫ್ರೇಮಿಗೆ ಭಾರದ ಫೋರ್ಕ್ ಹಾಕಿ ‘ಕಾರ್ಬನ್ ಸೈಕಲ್’ ಅಂತ ಮಾರುವುದೂ ಉಂಟು. ಅಂಥದ್ದಕ್ಕಿಂತ ಒಳ್ಳೆ ಗಾಳಿ ಫೋರ್ಕ್ ಇರುವ ಅಲ್ಯುಮಿನಿಯಂ ಸೈಕಲ್ಲೇ ವಾಸಿ. ಗಾಳಿ ಫೋರ್ಕಿನ ಇನ್ನೊಂದು ಉಪಯೋಗ, ನಿಮ್ಮ ಮೈತೂಕಕ್ಕೆ ತಕ್ಕಂತೆ ಒತ್ತಡ ಹೊಂದಿಸಬಹುದು. 100ರಿಂದ 120 ಎಂಎಂ ಟ್ರಾವೆಲ್, ಅಂದರೆ ಫೋರ್ಕ್ ಕುಗ್ಗುವ ದೂರ, ಸಾಕು.

ಫೋರ್ಕ್ ಆದ ಮೇಲೆ ಚಕ್ರ. ಚಕ್ರದ ಅಂಚಿನ ತೂಕವನ್ನು ಎಳೆದುಕೊಂಡು ಹೋಗುವುದಷ್ಟೇ ಅಲ್ಲ, ತಿರುಗಿಸಲೂಬೇಕು, ಪ್ರತಿ ಸಲ ನಿಂತು ಹೊರಡುವಾಗ, ಪ್ರತಿ ಏರಿನಲ್ಲಿ ಅದು ಕಾಲಿಗೆ ಗೊತ್ತಾಗುತ್ತದೆ. ನೃಪತುಂಗ ಬೆಟ್ಟದ ಏರನ್ನು ಎರಡು ಬೇರೆ ಜೋಡಿ ಚಕ್ರ ಹಾಕಿ ಹತ್ತಿ ನೋಡಿ, ನಾನು ಹೇಳುವುದೇ ಬೇಡ. ಸೈಜು 29 ಇಂಚೇ ಇರಲಿ. ತೀರಾ ಗಿಡ್ಡ ಇರುವವರಿಗೆ ಮಾತ್ರ 27.5 ಸರಿ.

ಆದರೆ ಟೈರಿನಲ್ಲಿ ಮಾತ್ರ ಜಿಪುಣತನ ಬೇಡ. ಅಂದರೆ ತೂಕದ ಜಿಪುಣತನ. ಅತಿ ಹಗುರ ರೇಸ್ ಟೈರಿನ ಬದಿ ಹಾಳೆಯಷ್ಟು ತೆಳ್ಳಗಿರುತ್ತದೆ, ನಮ್ಮಲ್ಲಿ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು. ಕಪ್ಪತಗುಡ್ಡದ ಕಡೆ ಹೋದರೆ ಚೂಪು ಕಲ್ಲು ಬೇರೆ. ನೂರು ಗ್ರಾಂ ಜಾಸ್ತಿ ಆದರೂ ಬದಿ ಗಟ್ಟಿ ಇರುವ ಟೈರ್ ತಗೊಳ್ಳಿ, ಟ್ಯೂಬ್‌ಲೆಸ್ ಮಾಡಿಸಿ. ಒಳಗೆ ಹಾಕುವ ಸೀಲೆಂಟ್ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಮುಳ್ಳು ಕಿತ್ತು, ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಒಂದೆರಡು ನಿಮಿಷ ನಿಲ್ಲಿ, ಅಷ್ಟೇ. ಏಪ್ರಿಲ್, ಮೇ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸಿ. ಟ್ಯೂಬ್‌ಲೆಸ್ ಆದರೆ ಗಾಳಿ 20ರಿಂದ 25 ಪಿಎಸ್‌ಐ ಇಡಬಹುದು, ಮೈತೂಕ ಜಾಸ್ತಿ ಇದ್ದರೆ ಸ್ವಲ್ಪ ಮೇಲೆ. ಹಾರ್ಡ್‌ಟೇಲಿನ ಹಿಂದಿನ ಸಸ್ಪೆನ್ಷನ್ ಅಂದರೆ ಇದೇ. ಫ್ರೇಮ್ ಬಾಗುತ್ತದೆ, ಕಂಪನ ಕುಡಿಯುತ್ತದೆ ಅಂತ ಕಂಪನಿಯವರು ಹೇಳುವುದರಲ್ಲಿ ಸ್ವಲ್ಪ ಸತ್ಯ ಇದೆ, ಆದರೆ 5 ಪಿಎಸ್‌ಐ ಇಳಿಸಿದರೆ ಸಿಗುವ ಸುಖ ಅದಕ್ಕಿಂತ ಜಾಸ್ತಿ. ಸೀಟ್‌ಪೋಸ್ಟ್ 27.2 ಎಂಎಂ ಇದ್ದರೆ ಇನ್ನೂ ಚೆನ್ನ, ತೆಳುವಾದದ್ದು ಒಂಚೂರು ಬಳುಕುತ್ತದೆ.

ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಈ ಸೈಕಲ್ಲಿಗೆ ಗಾಳಿ ಹಾಕಿಸಲು ಆಗುವುದಿಲ್ಲ, ಯಾಕೆಂದರೆ ಇದರ ವಾಲ್ವ್ ಸಣ್ಣದು, ಪ್ರೆಸ್ಟಾ. ಹತ್ತಿಪ್ಪತ್ತು ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಒಂದು ಜೇಬಿನಲ್ಲಿರಲಿ. ಸೀಲೆಂಟ್ ಮುಚ್ಚಲಾರದ ದೊಡ್ಡ ತೂತಿಗೆ ಒಂದು ಟ್ಯೂಬ್ ಕೂಡ ಇರಲಿ. ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳೆಲ್ಲ ಕಿತ್ತು ಹಾಕಿ. ಸೀಲೆಂಟ್ ದಯೆಯಿಂದ ನಿಮಗೆ ಗೊತ್ತೇ ಆಗದ ಹತ್ತಾರು ಮುಳ್ಳು ಅಲ್ಲಿ ಕೂತಿರುತ್ತವೆ.

ಗೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 12. ಶಿಮಾನೋ ಡಿಯೋರ್ ಸಾಕು, 10ರಿಂದ 51 ಹಲ್ಲಿನ ಕ್ಯಾಸೆಟ್‌ನಲ್ಲಿ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕಪ್ಪತಗುಡ್ಡದ ಗಾಳಿಗುಂಡಿ ಏರೂ ಹತ್ತುತ್ತದೆ. ಡಿಯೋರ್ ಕ್ಯಾಸೆಟ್ 590 ಗ್ರಾಂ ಆಸುಪಾಸು, ಅದೇ ಕಂಪನಿಯ ದುಬಾರಿ ಎಕ್ಸ್‌ಟಿಆರ್ ಆದರೆ 370ರ ಹತ್ತಿರ. ಆದರೆ ಚೈನ್, ಕ್ಯಾಸೆಟ್ ಸವೆಯುವ ವಸ್ತು. ಧೂಳಿನ ಊರಲ್ಲಿ ಬೇಗ ಸವೆಯುತ್ತವೆ. ದುಬಾರಿಯದು ಹಾಕಿ ಆಮೇಲೆ ಬದಲಾಯಿಸಲು ಹೊಟ್ಟೆ ಉರಿಯುವುದು ಯಾಕೆ?

ಫ್ರೇಮಿನಲ್ಲಿ ನೋಡಬೇಕಾದ ಒಂದೆರಡು ಸಂಗತಿ ಇವೆ. ಪೆಡಲ್ ಕ್ರ್ಯಾಂಕ್ ಕೂರುವ ಜಾಗ, ಬಾಟಮ್ ಬ್ರಾಕೆಟ್, ಥ್ರೆಡ್ ಇರುವುದೇ ಆಗಲಿ. ಒತ್ತಿ ಕೂರಿಸುವ ಪ್ರೆಸ್-ಫಿಟ್ ಹಗುರ ನಿಜ, ಆದರೆ ಧೂಳು ಸೇರಿದರೆ ಪ್ರತಿ ತುಳಿತಕ್ಕೂ ಹಳೆ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ. ಇನ್ನೊಂದು ಡಿರೇಲರ್ ಹ್ಯಾಂಗರ್, ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿಸುವುದು. ಸೈಕಲ್ ಬಲಕ್ಕೆ ಬಿದ್ದರೆ ಮುರಿಯಲೆಂದೇ ಇರುವ ಸಣ್ಣ ತುಂಡು ಅದು. ಮೊದಲು ಒಂದೊಂದು ಮಾಡೆಲ್‌ಗೆ ಒಂದೊಂದು ತರಹ ಇತ್ತು, ಸಿಗದೆ ಜನ ವಾರಗಟ್ಟಲೆ ಕಾಯುತ್ತಿದ್ದರು. 2019ರಲ್ಲಿ ಸ್ರಾಮ್ ಕಂಪನಿ ಯುಡಿಎಚ್ ಅನ್ನುವ ಒಂದೇ ಅಳತೆಯ ಹ್ಯಾಂಗರ್ ತಂದಿತು, ಈಗ ಬೇರೆ ಬೇರೆ ಕಂಪನಿಗಳ ಫ್ರೇಮಿನಲ್ಲಿ ಅದೇ ಇದೆ. ಅದು ಇರುವ ಫ್ರೇಮ್ ಆರಿಸಿ. ಯಾವುದೇ ಇರಲಿ, ಸೈಕಲ್ ಜೊತೆಗೇ ಒಂದು ಬಿಡಿ ಹ್ಯಾಂಗರ್ ತಗೊಳ್ಳಿ.

ತೂಕವನ್ನು ಪೇಪರ್ ಮೇಲೆ ನಂಬಬೇಡಿ. ಕಂಪನಿ ಹೇಳುವ ತೂಕದಲ್ಲಿ ಸಾಮಾನ್ಯವಾಗಿ ಪೆಡಲ್ ಸೇರಿರುವುದಿಲ್ಲ. ಶಿಮಾನೋ ಎಂ520 ಪೆಡಲ್ ಜೋಡಿಯೇ 380 ಗ್ರಾಂ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಒಯ್ಯಿರಿ, ಸೀಟಿನ ಮೂತಿಗೆ ಸಿಕ್ಕಿಸಿ ಅಂಗಡಿಯಲ್ಲೇ ತೂಗಿ. ಅವರು ಮುಖ ನೋಡುತ್ತಾರೆ, ನೋಡಲಿ. ದುಡ್ಡು ನಿಮ್ಮದಲ್ವಾ?

ಸೈಜಿನಲ್ಲಿ ಮಾತ್ರ ರಾಜಿ ಬೇಡವೇ ಬೇಡ. ‘ಎಂ ಇಲ್ಲ ಸರ, ಎಲ್ ಐತ್ರಿ, ಸೀಟ್ ಇಳಸಿದ್ರ ಆತು’ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಆಗುವುದಿಲ್ಲ. ಸೀಟು ಎತ್ತರಕ್ಕೆ ಮಾತ್ರ ಸಂಬಂಧ, ಕೈ ಚಾಚುವ ದೂರ ಹಾಗೇ ಉಳಿಯುತ್ತದೆ. ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್, ಅಷ್ಟರಲ್ಲೇ ಕುತ್ತಿಗೆ, ಅಂಗೈ ಹೇಳಿಬಿಡುತ್ತವೆ. ಸಾಧ್ಯವಾದರೆ ನಿಮಗೆ ಬೇಕಾದ ಸೈಜಿನ ಸೈಕಲ್ ಇರುವ ಗೆಳೆಯರಿಂದ ಇಸಿದುಕೊಂಡು ಒಂದು ಗಂಟೆ ಓಡಿಸಿ ನೋಡಿ, ಆಮೇಲೆ ದುಡ್ಡು ಕಟ್ಟಿ.

ಸೆಕೆಂಡ್ ಹ್ಯಾಂಡ್ ಕೇಳುವವರೂ ಇದ್ದಾರೆ. ತಗೊಳ್ಳಬಹುದು, ಆದರೆ ಹಗಲಲ್ಲಿ, ತೊಳೆದ ಸೈಕಲ್ ನೋಡಿ. ಕಾರ್ಬನ್ ವರ್ಷ ಕಳೆದಷ್ಟಕ್ಕೆ ಹಾಳಾಗುವುದಿಲ್ಲ, ಏಟಿಗೆ ಹಾಳಾಗುತ್ತದೆ. ರೂಪಾಯಿ ನಾಣ್ಯ ಹಿಡಿದು ಕೊಳವೆಗಳ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಹೋಗಿ. ಟಣ್ ಟಣ್ ಅನ್ನುತ್ತಿದ್ದದ್ದು ಒಂದು ಕಡೆ ಡಬ್ ಅಂದರೆ ಒಳಗೆ ಪದರ ಬಿಟ್ಟಿರಬಹುದು. ಗೋಡೆಯ ದಪ್ಪ ಬದಲಾದ ಕಡೆಯೂ ಸದ್ದು ಬದಲಾಗುತ್ತದೆ, ಹಾಗಾಗಿ ಎಡಬಲ ಎರಡೂ ಬದಿ ಹೋಲಿಸಿ. ಚೈನ್‌ಸ್ಟೇ ಒಳಬದಿಗೆ ಟಾರ್ಚ್ ಬಿಡಿ, ಅದು ಯಾಕೆ ಅಂತ ಮೇಲೆಯೇ ಹೇಳಿದ್ದೇನೆ. ಬಿರುಕು ಬಿಟ್ಟ ಕಾರ್ಬನ್ ರಿಪೇರಿ ಆಗುತ್ತದೆ, ಆದರೆ ಆ ಕೆಲಸ ಗೊತ್ತಿರುವವರು ಕಡಿಮೆ. ಮತ್ತೆ ಬಹಳಷ್ಟು ಕಂಪನಿಗಳ ಫ್ರೇಮ್ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ, ಅದನ್ನೂ ಬೆಲೆಯಲ್ಲಿ ಮುರಿದುಕೊಳ್ಳಿ.

ತಂದ ಮೇಲೆ ಒಂದು ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿ ಆಯಿತು ಅಂತ ತೋರಿಸುವ ಪಾನಾ, ಕೊಳ್ಳಿ. ಕಾರ್ಬನ್‌ಗೆ ನಮ್ಮ ಮೆಕ್ಯಾನಿಕ್‌ಗಳ ‘ಗಟ್ಟಿ ಮಾಡೀನ್ರಿ’ ಆಗಿಬರುವುದಿಲ್ಲ. ಸೀಟ್ ಕ್ಲಾಂಪ್, ಹ್ಯಾಂಡಲ್ ಹಿಡಿಯುವ ಸ್ಟೆಮ್ ಬೋಲ್ಟಿನ ಮೇಲೆ 5 ನ್ಯೂಟನ್ ಮೀಟರ್ ಅಂತಲೋ ಎಷ್ಟೋ ಬರೆದಿರುತ್ತದೆ, ಅಷ್ಟೇ ಬಿಗಿ ಮಾಡಬೇಕು. ಕಾರ್ಬನ್ ಸೀಟ್‌ಪೋಸ್ಟ್ ಜಾರಿದರೆ ಇನ್ನೂ ತಿರುವಬೇಡಿ, ಕಾರ್ಬನ್ ಪೇಸ್ಟ್ ಹಚ್ಚಿ. ರಿಪೇರಿ ಸ್ಟ್ಯಾಂಡಿಗೆ ಸಿಕ್ಕಿಸುವಾಗ ಫ್ರೇಮಿನ ಮೇಲಿನ ಕೊಳವೆ ಹಿಡಿಸಬೇಡಿ, ಸೀಟ್‌ಪೋಸ್ಟ್ ಹಿಡಿಸಿ. ಬೈಕ್ ಸರ್ವಿಸಿಂಗ್‌ನವರ ಪ್ರೆಷರ್ ನೀರು ಬೇಡ, ಬೇರಿಂಗಿನ ಗ್ರೀಸ್ ತೊಳೆದು ಹೋಗುತ್ತದೆ. ಎರಿ ಮೆತ್ತಿಕೊಂಡು ಬಂದ ದಿನ ಚಕ್ರ ತಿರುಗಿಸದೆ ದೊಡ್ಡ ಹೆಂಟೆಗಳನ್ನು ಕೈಯಿಂದ, ಮರದ ಕಡ್ಡಿಯಿಂದ ತೆಗೆಯಿರಿ, ಉಳಿದದ್ದನ್ನು ಪೈಪಿನ ಮೆತ್ತಗಿನ ನೀರಲ್ಲಿ ನೆನೆಸಿ ಬಿಡಿಸಿ. ಅಂಗಳದಲ್ಲಿ ಗಿಡ ಇದ್ದರೆ ಅದರ ಬುಡಕ್ಕೇ ಹಾಕಿ, ಒಳ್ಳೆ ಮಣ್ಣು ಅದು.