ಆಫೀಸಿನಲ್ಲಿ ಕಪ್ಪು ಇತಿಹಾಸ ಮಾಸ: ಪೋಸ್ಟರ್ ಅಂಟಿಸಿದ ಮೇಲೆ ಮಾಡಬೇಕಾದ ಕೆಲಸ

ಫೆಬ್ರವರಿ ಬಂತೆಂದರೆ ಅಮೆರಿಕದ ಕಂಪನಿಗಳಲ್ಲಿ ಕಪ್ಪು ಇತಿಹಾಸ ಮಾಸದ ಮೇಲ್‌ಗಳು ಶುರುವಾಗುತ್ತವೆ. ಅವುಗಳ ಬೆಂಗಳೂರು ಆಫೀಸುಗಳಿಗೂ ಒಮ್ಮೊಮ್ಮೆ ಬರುತ್ತವೆ. ನಾಗರಿಕ ಹಕ್ಕು ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರ ಒಂದು ಫೋಟೊ, ಕೆಳಗೊಂದು ಒಳ್ಳೆಯ ಮಾತು, ಅಲ್ಲಿಗೆ ಮುಗಿಯಿತು. ಇತಿಹಾಸಕಾರ ಕಾರ್ಟರ್ ಜಿ. ವುಡ್‌ಸನ್ 1926ರಲ್ಲಿ ಇದನ್ನು ಒಂದು ವಾರದ ಆಚರಣೆಯಾಗಿ ಆರಂಭಿಸಿದ್ದು ಕಪ್ಪು ಜನರ ಚರಿತ್ರೆಯನ್ನು ಜನ ಓದಿ ಕಲಿಯಲಿ ಎಂದು. 1976ರಲ್ಲಿ ಅದು ಇಡೀ ತಿಂಗಳಿನ ಆಚರಣೆಯಾಯಿತು. ಈ ಸಲ ಏರ್ಪಾಡು ನಿಮ್ಮ ತಲೆಗೆ ಬಿದ್ದಿದ್ದರೆ, ಹೀಗೆ ಮಾಡಿ ನೋಡಿ.

ಮೊದಲು, ಕೆಲಸದ ಚರಿತ್ರೆಯನ್ನೇ ಆರಿಸಿಕೊಳ್ಳಿ. ಆಟಗಾರರು, ಹಾಡುಗಾರರ ಪಟ್ಟಿ ಎಲ್ಲರಿಗೂ ಗೊತ್ತು. ಕಾರ್ಖಾನೆ, ರೈಲು, ಕಸದ ಲಾರಿಗಳ ಕಥೆ ಗೊತ್ತಿರುವವರು ಕಡಿಮೆ. ಆಫೀಸಿಗೆ ಬೇಕಾಗಿರುವುದು ಅದೇ. ನಮ್ಮವರಿಗೆ ಇದರಲ್ಲೇನಿದೆ ಎಂದು ಯಾರಾದರೂ ಕೇಳಿದರೆ ಭಾರತದಂಥ ದೇಶಗಳವರಿಗೆ ಬಾಗಿಲು ತೆರೆದ ಅಮೆರಿಕದ 1965ರ ವಲಸೆ ಕಾಯ್ದೆಯ ಬಗ್ಗೆ ಹೇಳಿ. ಬಣ್ಣದ ಆಧಾರದ ತಾರತಮ್ಯವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕು ಕಾಯ್ದೆಯನ್ನು ತಂದ ಚಳವಳಿಯ ಬಿಸಿಯಲ್ಲೇ ಅದೂ ಪಾಸಾಯಿತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹೆಚ್ಚಿನವರು ಒಳಗೆ ಹೋಗಿದ್ದು ಆ ಬಾಗಿಲಿನಿಂದಲೇ.

ಹೆಸರು ಸರಿಯಾಗಿ ಹೇಳುವುದನ್ನು ರೂಢಿ ಮಾಡಿ. ಅಮೆರಿಕದ ರೈಲುಗಳಲ್ಲಿ ಪುಲ್‌ಮನ್ ಕಂಪನಿಯ ಸ್ಲೀಪರ್ ಬೋಗಿಗಳಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಪೋರ್ಟರ್‌ಗಳನ್ನು ಪ್ರಯಾಣಿಕರು ‘ಜಾರ್ಜ್’ ಎಂದೇ ಕರೆಯುತ್ತಿದ್ದರು. ಅದು ಕಂಪನಿ ಮಾಲೀಕನ ಹೆಸರು. ಈ ಪೋರ್ಟರ್‌ಗಳು ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ 1925ರಲ್ಲಿ ಸಂಘ ಕಟ್ಟಿದರು. ಕಂಪನಿ ಒಪ್ಪಂದಕ್ಕೆ ಬಂದಿದ್ದು 1937ರಲ್ಲಿ. ತಿಂಗಳಿಗೆ 400 ಗಂಟೆ ಇದ್ದ ಕೆಲಸ ಆಗ 240ಕ್ಕೆ ಇಳಿಯಿತು. ಸಹೋದ್ಯೋಗಿಯ ಹೆಸರು ನಾಲಿಗೆಗೆ ಕಷ್ಟವಾದರೆ ಅವರನ್ನೇ ಕೇಳಿ, ಎರಡು ಸಲ ಹೇಳಿ ಅಭ್ಯಾಸ ಮಾಡಿ. ನೀವಾಗಿಯೇ ಮೊಟಕು ಮಾಡಬೇಡಿ.

ಇನ್ನು ನೇಮಕಾತಿ. ಜಾಸ್ತಿ ಹೊತ್ತು ಕೊಡಬೇಕಾಗಿರುವುದು ಇದಕ್ಕೇ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಡ್ಯೂಕ್ ಪವರ್ ಎಂಬ ಕಂಪನಿಯ ವಿದ್ಯುತ್ ಸ್ಥಾವರವಿತ್ತು. ಅಲ್ಲಿ ಕಪ್ಪು ಕೆಲಸಗಾರರಿಗೆ ಇದ್ದಿದ್ದು ಕೂಲಿ ವಿಭಾಗ ಒಂದೇ. ಆ ವಿಭಾಗದ ಅತಿ ಹೆಚ್ಚಿನ ಸಂಬಳ ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕಡಿಮೆ. 1964ರ ನಾಗರಿಕ ಹಕ್ಕು ಕಾಯ್ದೆಯ ಉದ್ಯೋಗದ ಭಾಗ 1965ರ ಜುಲೈ 2ರಂದು ಜಾರಿಗೆ ಬಂತು. ಕಂಪನಿ ಅದೇ ದಿನ ಹೊಸ ನಿಯಮ ತಂದಿತು: ಒಳ್ಳೆಯ ವಿಭಾಗಕ್ಕೆ ಹೊಸದಾಗಿ ಸೇರಬೇಕಾದರೆ ಹೈಸ್ಕೂಲ್ ಪಾಸಾಗಿದ್ದರೆ ಸಾಲದು, ಎರಡು ಲಿಖಿತ ಪರೀಕ್ಷೆಯನ್ನೂ ಪಾಸು ಮಾಡಬೇಕು. ನಿಯಮದಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ಹೈಸ್ಕೂಲ್ ಪಾಸಾಗದೆ ಮೊದಲೇ ಸೇರಿದ್ದ ಬಿಳಿಯರು ಅವೇ ಕೆಲಸಗಳನ್ನು ಚೆನ್ನಾಗಿಯೇ ಮಾಡಿಕೊಂಡಿದ್ದರು! ವಿಲ್ಲಿ ಗ್ರಿಗ್ಸ್ ಮತ್ತು ಜೊತೆಗಾರರು ಕೋರ್ಟಿಗೆ ಹೋದರು. ಕೆಲಸಕ್ಕೆ ಸಂಬಂಧವಿಲ್ಲದ ಷರತ್ತು ಒಂದು ಗುಂಪನ್ನು ಹೊರಗಿಡುತ್ತಿದ್ದರೆ, ಉದ್ದೇಶ ಏನೇ ಇರಲಿ ಅದು ತಪ್ಪು ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈಗ ನಿಮ್ಮ ಕಂಪನಿಯ ಉದ್ಯೋಗದ ಜಾಹೀರಾತನ್ನು ಪ್ರಿಂಟ್ ತೆಗೆಯಿರಿ. ಪ್ರತಿ ಷರತ್ತಿನ ಎದುರಿಗೆ ಅದು ದಿನದ ಯಾವ ಕೆಲಸಕ್ಕೆ ಬೇಕು ಎಂದು ಬರೆಯಿರಿ. ಬರೆಯಲು ಏನೂ ಸಿಗದ ಷರತ್ತನ್ನು ಹೊಡೆದು ಹಾಕಿ. ನಮ್ಮ ಕ್ಯಾಂಪಸ್ ನೇಮಕಾತಿಯಲ್ಲಿ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ ಎಲ್ಲದರಲ್ಲೂ 60 ಪರ್ಸೆಂಟ್ ಇರಬೇಕು ಎನ್ನುತ್ತಾರಲ್ಲ, ಅದನ್ನೂ ಈ ಸಾಲಿಗೆ ಸೇರಿಸಿ ನೋಡಿ. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದ ಅಂಕಕ್ಕೂ ಕೋಡ್ ಬರೆಯುವುದಕ್ಕೂ ಏನು ನಂಟು? ಹಳ್ಳಿ ಶಾಲೆಯಿಂದ ಬಂದವರು ಅಲ್ಲೇ ಉದುರಿಹೋಗುತ್ತಾರೆ, ಅಲ್ವಾ?

ಮೊದಲ ಸುತ್ತಿನಲ್ಲಿ ಅರ್ಜಿಗಳ ಮೇಲಿನ ಹೆಸರು ಮುಚ್ಚಿಡಿ. ಸುಮ್ನೆ ಹೇಳುತ್ತಿಲ್ಲ. ಬಾಸ್ಟನ್ ಮತ್ತು ಶಿಕಾಗೋ ಕಂಪನಿಗಳಿಗೆ ಒಂದೇ ಮಟ್ಟದ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಬಿಳಿಯರದು ಅನ್ನಿಸುವ ಹೆಸರಿಗೆ ಸುಮಾರು 50 ಪರ್ಸೆಂಟ್ ಜಾಸ್ತಿ ಕರೆ ಬಂದಿತ್ತು. ನಮ್ಮಲ್ಲಿ ಅಡ್ಡಹೆಸರು ಏನೇನು ಹೇಳುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಸಂದರ್ಶನದಲ್ಲೂ ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಅಂಕ ಅಲ್ಲಲ್ಲೇ ಬರೆದಿಡಿ.

ಆಮೇಲೆ ಕುರ್ಚಿ, ನೀರು, ನೆರಳು ನೋಡಿ. 1968ರ ಫೆಬ್ರವರಿ 1. ಅಮೆರಿಕದ ಮೆಂಫಿಸ್ ನಗರದಲ್ಲಿ ಜೋರು ಮಳೆ. ಎಕೊಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಪೌರಕಾರ್ಮಿಕರು ಕಸದ ಲಾರಿಯ ಹಿಂಬದಿಯಲ್ಲಿ ಆಸರೆ ಪಡೆದರು. ಕಸ ಒತ್ತುವ ಯಂತ್ರ ಕೆಟ್ಟು ತಾನಾಗಿ ಚಾಲೂ ಆಯಿತು. ಇಬ್ಬರೂ ಸತ್ತರು. ಹಳೇ ಲಾರಿಗಳ ಬಗ್ಗೆ ಕಾರ್ಮಿಕರು ಮೊದಲೇ ದೂರಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ‘ನಾನು ಮನುಷ್ಯ’ ಎಂಬ ಫಲಕ ಹಿಡಿದು ಬೀದಿಗಿಳಿದರು. ಕಿಂಗ್ ಏಪ್ರಿಲ್ 4ರಂದು ಕೊಲೆಯಾಗಿದ್ದು ಈ ಮುಷ್ಕರಕ್ಕೆ ಬೆಂಬಲ ಕೊಡಲು ಹೋಗಿದ್ದಾಗ. ಪೋಸ್ಟರಿನಲ್ಲಿ ಈ ಸಂಗತಿ ಇರುವುದಿಲ್ಲ.

ನಿಮ್ಮ ಕಟ್ಟಡದ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನ್, ಕ್ಯಾಬ್ ಸಿಬ್ಬಂದಿಯ ಜೊತೆ ಕೂತು ಕೇಳಿ. ಊಟ ಎಲ್ಲಿ ಮಾಡುತ್ತಾರೆ? ಯಾವ ಶೌಚಾಲಯ ಬಳಸಬಹುದು? ಮಳೆ ಬಂದರೆ ಎಲ್ಲಿ ನಿಲ್ಲುತ್ತಾರೆ? ಗುತ್ತಿಗೆಯವರು, ನಮ್ಮ ನೌಕರರಲ್ಲ ಎಂಬ ಉತ್ತರ ಬಂದೇ ಬರುತ್ತದೆ. ಗುತ್ತಿಗೆ ಪತ್ರದಲ್ಲೇ ಈ ಸೌಲಭ್ಯಗಳನ್ನು ಸೇರಿಸಿ ಎಂದು ಕೇಳಿ.

ಕಪ್ಪು ಸಹೋದ್ಯೋಗಿ ಇದ್ದರೆ ಕಾರ್ಯಕ್ರಮದ ಹೊಣೆಯನ್ನು ಅವರ ಮೇಲೆ ಹೊರಿಸಬೇಡಿ. ಅವರಾಗಿಯೇ ಬಂದರೆ ಆ ಗಂಟೆಗಳನ್ನು ಕೆಲಸದ ಲೆಕ್ಕಕ್ಕೆ ಹಿಡಿಯಿರಿ.

ಕೊನೆಯದು ತಾರತಮ್ಯದ ಬಗ್ಗೆ ದೂರು ಕೊಡುವ ದಾರಿ. ಮ್ಯಾನೇಜರನ್ನು ಬಿಟ್ಟು ಇನ್ನೊಂದು ದಾರಿ ಇರಲೇಬೇಕು. ಎಷ್ಟೋ ಸಲ ದೂರು ಇರುವುದೇ ಅವರ ಮೇಲೆ. ದೂರು ಕೊಟ್ಟವರಿಗೆ ಕಿರುಕುಳ ಕೊಡುವುದು ಅಮೆರಿಕದ 1964ರ ಕಾಯ್ದೆಯ ಪ್ರಕಾರ ಕಾನೂನು ಉಲ್ಲಂಘನೆ. ಆದರೆ ಕಿರುಕುಳ ಬರುವುದು ರೇಟಿಂಗ್, ವರ್ಗಾವಣೆ, ನೈಟ್ ಶಿಫ್ಟ್‌ಗಳ ವೇಷದಲ್ಲಿ. ಹಾಗಾಗಿ ದೂರು ಬಂದ ದಿನವೇ ಆ ವ್ಯಕ್ತಿಯ ರೇಟಿಂಗ್ ಮತ್ತು ಶಿಫ್ಟ್ ಬರೆದಿಟ್ಟುಕೊಳ್ಳಲು ಎಚ್‌ಆರ್‌ಗೆ ಹೇಳಿ. ಆರು ತಿಂಗಳಾದ ಮೇಲೆ ಮತ್ತೆ ತೆಗೆದು ನೋಡಲಿ. ಬದಲಾಗಿದ್ದರೆ ಮ್ಯಾನೇಜರ್ ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ.