ಸಿ ಡ್ರೈವ್ ಮತ್ತೆ ಮತ್ತೆ ತುಂಬುತ್ತಿದೆಯೇ? ಅಳಿಸುವ ಮೊದಲು ಅಳೆಯಿರಿ

ವಿಂಡೋಸ್ ಕಂಪ್ಯೂಟರಿನ ಸಿ ಡ್ರೈವ್ ಪಟ್ಟಿ ಕೆಂಪಾದೊಡನೆ ಫೋಟೊ, ವಿಡಿಯೊ ಅಳಿಸಲು ಕೂರುತ್ತೇವೆ. ಒಂದೇ ವಾರದಲ್ಲಿ ಡ್ರೈವ್ ಮತ್ತೆ ತುಂಬಿತೆಂದರೆ ತಪ್ಪು ಫೋಟೊಗಳದ್ದಲ್ಲ. ಯಾವುದೋ ಪ್ರೋಗ್ರಾಂ ನಿಮಗೆ ಗೊತ್ತಿಲ್ಲದೆ ಬರೆಯುತ್ತಲೇ ಇದೆ. ಅದನ್ನು ಹಿಡಿಯುವವರೆಗೆ ಎಷ್ಟು ಅಳಿಸಿದರೂ ಸಾಲದು.

ವಿಜ್‌ಟ್ರೀ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಇಲ್ಲದಿದ್ದರೆ ಕೆಲವು ಫೋಲ್ಡರುಗಳ ಲೆಕ್ಕ ಸಿಗುವುದಿಲ್ಲ. ಸಿ ಡ್ರೈವ್ ಸ್ಕ್ಯಾನ್ ಮಾಡಿ, ಅತಿ ದೊಡ್ಡ ಹತ್ತು ಫೋಲ್ಡರುಗಳ ಗಾತ್ರವನ್ನು ಬರೆದಿಡಿ. ಎರಡು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಎರಡೂ ಪಟ್ಟಿಗಳನ್ನು ಹೋಲಿಸಿ. ದೊಡ್ಡದಾಗಿರುವ ಫೋಲ್ಡರ್ ಅಲ್ಲ, ಬೆಳೆದಿರುವ ಫೋಲ್ಡರ್ ನಿಮಗೆ ಬೇಕಾದದ್ದು. ಈ ಹೋಲಿಕೆಯನ್ನು ಬಿಟ್ಟು ಮುಂದೆ ಹೋಗಬೇಡಿ, ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಅಂದಹಾಗೆ, 256 ಜಿಬಿ ಎಂದು ಕೊಂಡ ಎಸ್‌ಎಸ್‌ಡಿ 238 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಬೆಳೆದದ್ದು ಆ್ಯಪ್‌ಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ 'ಆ್ಯಪ್‌ಡೇಟಾ' ಒಳಗಿನ ಫೋಲ್ಡರ್ ಆಗಿದ್ದರೆ ಅದರ ಹೆಸರೇ ಯಾವ ಆ್ಯಪ್ ಎಂದು ಹೇಳುತ್ತದೆ. ವಾಟ್ಸ್‌ಆ್ಯಪ್ ಆಗಿದ್ದರೆ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಐಫೋನ್ ಬ್ಯಾಕಪ್ ಆಗಿದ್ದರೆ ಹಳೆಯ ಪ್ರತಿಗಳನ್ನು ಅಳಿಸಿ. ಬ್ರೌಸರ್ ಆಗಿದ್ದರೆ ಕ್ಯಾಶೆ, ಅಂದರೆ ನೋಡಿದ ಪುಟಗಳಿಂದ ಅದು ಉಳಿಸಿಟ್ಟ ಪ್ರತಿಗಳನ್ನು, ಖಾಲಿ ಮಾಡಿ.

ವಿಂಡೋಸ್ 7 ಇರುವ ಹಳೆಯ ಯಂತ್ರಗಳಲ್ಲಿ 'ವಿಂಡೋಸ್' ಒಳಗಿನ 'ಟೆಂಪ್' ಫೋಲ್ಡರ್ ಬೆಳೆಯುತ್ತಿದ್ದರೆ ಕಾರಣ ಬೇರೆ. ಅಪ್‌ಡೇಟ್‌ಗಳ ದಾಖಲೆಯಾದ ಸಿಬಿಎಸ್ ಲಾಗ್ 2 ಜಿಬಿ ದಾಟಿದರೆ ವಿಂಡೋಸ್‌ಗೆ ಅದನ್ನು ಕುಗ್ಗಿಸಲಾಗುವುದಿಲ್ಲ. ಪ್ರತಿ ಬಾರಿ ಪ್ರಯತ್ನಿಸಿ ಸೋತು, 'ಕ್ಯಾಬ್' ಎಂದು ಶುರುವಾಗುವ ಹೆಸರಿನ ಅರೆಬರೆ ಫೈಲೊಂದನ್ನು ಟೆಂಪ್‌ನಲ್ಲಿ ಬಿಟ್ಟುಹೋಗುತ್ತದೆ. ಟೆಂಪ್ ಮಾತ್ರ ಖಾಲಿ ಮಾಡಿದರೆ ನಾಳೆ ಮತ್ತೆ ಅದೇ ಕಥೆ. 'ಸರ್ವಿಸಸ್' ತೆರೆದು 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್' ಅನ್ನು ನಿಲ್ಲಿಸಿ. ಅದೇ 'ವಿಂಡೋಸ್' ಫೋಲ್ಡರಿನ 'ಲಾಗ್ಸ್' ಒಳಗಿನ 'ಸಿಬಿಎಸ್' ಫೋಲ್ಡರಿನ ಲಾಗ್‌ಗಳನ್ನು ಮೊದಲು ಅಳಿಸಿ, ಆಮೇಲೆ ಆ ಕ್ಯಾಬ್ ಫೈಲುಗಳನ್ನು ತೆಗೆದು ಯಂತ್ರವನ್ನು ರೀಸ್ಟಾರ್ಟ್ ಮಾಡಿ.

ಉಳಿದ ಸ್ವಚ್ಛತೆಗೆ ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂಬ ದಾರಿ ಸಾಕು. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಡೌನ್‌ಲೋಡ್ ಮಾಡಿಟ್ಟ ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಹೋಗುತ್ತವೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಉಳಿಯುವ ಹಳೆಯ ವಿಂಡೋಸ್ ಪ್ರತಿ ಸಾಮಾನ್ಯವಾಗಿ 10 ದಿನಗಳ ನಂತರ ತಾನೇ ಅಳಿಯುತ್ತದೆ. ಹೊಸದು ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ಅದನ್ನು ಮೊದಲೇ ತೆಗೆಯಿರಿ, ಹಿಂದಕ್ಕೆ ಹೋಗುವ ದಾರಿ ಅದೊಂದೇ.

ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಮಾಡುವುದು ಹೈಬರ್ನೇಟ್. ಅದಕ್ಕೆಂದು ಇರುವ ಫೈಲ್ ಸಾಮಾನ್ಯವಾಗಿ ರ‍್ಯಾಮ್‌ನ ಶೇ 40ರಷ್ಟು ಜಾಗ ಹಿಡಿಯುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ 6 ಜಿಬಿಗೂ ಹೆಚ್ಚು. ಹೈಬರ್ನೇಟ್ ಬಳಸದವರು ಅದನ್ನು ಆಫ್ ಮಾಡಬಹುದು, ಆದರೆ ಕಂಪ್ಯೂಟರ್ ಬೇಗ ಆನ್ ಆಗಲು ನೆರವಾಗುವ 'ಫಾಸ್ಟ್ ಸ್ಟಾರ್ಟಪ್' ಕೂಡ ನಿಲ್ಲುತ್ತದೆ.

ವಿಂಡೋಸ್ ತನ್ನ ಸಿಸ್ಟಮ್ ಫೈಲುಗಳನ್ನು ಇಟ್ಟುಕೊಳ್ಳುವ 'ವಿನ್‌ಎಸ್‌ಎಕ್ಸ್‌ಎಸ್' ಫೋಲ್ಡರನ್ನು ಮಾತ್ರ ಕೈಯಿಂದ ಮುಟ್ಟಬೇಡಿ. ಒಂದೇ ಫೈಲ್ ಎರಡು ಕಡೆ ಎಣಿಕೆಯಾಗುವುದರಿಂದ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಳಿಸಿದರೆ ವಿಂಡೋಸ್ ಏಳದೇ ಹೋಗಬಹುದು.

ಎಲ್ಲ ಫೋಲ್ಡರ್ ಕೂಡಿಸಿದರೂ ಲೆಕ್ಕ ತಾಳೆಯಾಗದಿದ್ದರೆ ರಿಸ್ಟೋರ್ ಪಾಯಿಂಟ್‌ಗಳನ್ನು, ಅಂದರೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಉಳಿಸಿಡುವ ಪ್ರತಿಗಳನ್ನು, ನೋಡಿ. ಸ್ಟಾರ್ಟ್‌ನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಹುಡುಕಿ, ಸಿ ಡ್ರೈವ್ ಆರಿಸಿ, 'ಕಾನ್ಫಿಗರ್' ಒತ್ತಿ, 'ಮ್ಯಾಕ್ಸ್ ಯೂಸೇಜ್' ಅನ್ನು ಶೇ 5ಕ್ಕೆ ಇಳಿಸಿ. ಪೂರ್ತಿ ಆಫ್ ಮಾಡಬೇಡಿ. ಕೊನೆಗೆ ರೀಸೈಕಲ್ ಬಿನ್ ಖಾಲಿ ಮಾಡಿ: ಅಳಿಸಿದ ಫೈಲುಗಳು ಅಲ್ಲಿಯವರೆಗೂ ಅದೇ ಡ್ರೈವ್‌ನಲ್ಲಿ ಕುಳಿತಿರುತ್ತವೆ.